ಅಪ್ಪ ಸುತ್ತಿದ ತಂತಿ

ಒದ್ದೆ ತೆಂಗಿನ ನಾರಿನ ವಾಸನೆ ಬಂದರೆ ಇಂದಿಗೂ ನನಗೆ ಬಾಣಾವರದ ಮನೆಯ ಆ ಮಧ್ಯಾಹ್ನವೇ ನೆನಪಾಗುತ್ತದೆ.

ಕಚೇರಿಯ ಮೂಲೆಯಲ್ಲಿ ನೀರು ಕಾಣದೆ ಬೋಳಾಗಿದ್ದ ಫೈಕಸ್ ಗಿಡವನ್ನು ಅಪ್ಪ ಬೇಸಿಗೆಯಲ್ಲಿ ಮನೆಗೆ ತಂದಿದ್ದರು. ಕೊಳೆತ ಬೇರು ಕತ್ತರಿಸಿ, ನಾರಿನ ಪುಡಿ ಬೆರೆಸಿದ ಮಣ್ಣಲ್ಲಿ ನೆಟ್ಟು ಬದುಕಿಸಿದರು. ಚಿಗುರಿದ ಮೇಲೆ ಬೋನ್ಸಾಯ್ ಮಾಡ್ತೀನಿ ಅಂತ, ಸುಟ್ಟುಹೋದ ಪಂಪ್‌ಸೆಟ್ ಮೋಟರಿನ ತಾಮ್ರದ ತಂತಿ ಸುತ್ತಿ ಕೊಂಬೆ ಬಗ್ಗಿಸಿದರು. "ದೀಪಾವಳಿಗೆ ಬಿಚ್ಚಬೇಕು ಕಣೇ, ನೆನಪಿಸು. ಇಲ್ಲಾಂದ್ರೆ ತೊಗಟೆ ಕೊಯ್ಯುತ್ತೆ," ಅಂದಿದ್ದರು.

ದೀಪಾವಳಿ ಬಂತು, ಅಪ್ಪ ಇರಲಿಲ್ಲ. ತಿಥಿ ಮುಗಿದು ತಿಂಗಳಾಗಿತ್ತು. ಆ ವರ್ಷ ನಮಗೆ ಹಬ್ಬವಿಲ್ಲ. ಮಧ್ಯಾಹ್ನ ಕುಂಡಕ್ಕೆ ನೀರು ಹಾಕಿ, ಅಪ್ಪನ ಕಟಿಂಗ್ ಪ್ಲೇಯರ್ ಹಿಡಿದು ಕೂತೆ. ನೆನೆದ ನಾರಿನ ವಾಸನೆ ಏಳುತ್ತಿತ್ತು.

ಅಮ್ಮ ಒಳಗಿನಿಂದ ಓಡಿಬಂದಳು. "ಮುಟ್ಟಬೇಡ ಕಣೇ! ನಿಮ್ಮಪ್ಪ ಕೈಯಾರೆ ಸುತ್ತಿದ್ದು ಅದು."

ತಂತಿಯ ಎರಡೂ ಬದಿಗೆ ತೊಗಟೆ ಆಗಲೇ ಉಬ್ಬಿತ್ತು. ಅಮ್ಮ ಅದರ ಮೇಲೆ ಬೆರಳಾಡಿಸುತ್ತಾ ಬಹಳ ಹೊತ್ತು ಕೂತಳು. ಆಮೇಲೆ, "ಹಿಂಗೇ ಬಿಟ್ರೆ ಅದಕ್ಕೇನೂ ಆಗಲ್ಲ, ಅಲ್ವೇನೇ?" ಅಂತ ಕೇಳಿದಳು.

"ಏನೂ ಆಗಲ್ಲಮ್ಮ," ಅಂದೆ. ಕಟಿಂಗ್ ಪ್ಲೇಯರನ್ನು ಲಂಗದ ಮಡಿಕೆಯಲ್ಲಿ ಮುಚ್ಚಿಟ್ಟುಕೊಂಡೆ.