ದೀಪದ ಹಿಂದಿನ ಮುಖ

"ಮಿಸ್ ವರ್ನಾ, ಸ್ವಲ್ಪ ನಗಿ," ಎಂದು ಟೆಸ್ಸಾ ಕ್ಯಾಮೆರಾದ ಹಿಂದಿನಿಂದ ಮೂರನೆಯ ಸಲ ಹೇಳಿದಳು. ದೊಡ್ಡ ದೀಪದೆದುರು ಸ್ಟೂಲಿನ ಮೇಲೆ ಕೂತಿದ್ದ ವರ್ನಾ ಅಲುಗಲಿಲ್ಲ. ರಾಚೆಸ್ಟರಿನ ಆ ಕಾಲೇಜಿನ ಕ್ಯಾಂಟೀನಿನಲ್ಲಿ ಅಡುಗೆ ಮಾಡುವ ಆಕೆಗೆ ಹುಟ್ಟಿನಿಂದ ಕಿವಿ ಕೇಳದು. ತುಟಿ ನೋಡಿಯೇ ಮಾತು ತಿಳಿಯುವವಳು. ಅಲ್ಲಿನ ವಿದ್ಯಾರ್ಥಿನಿ ಟೆಸ್ಸಾಳ ಫೋಟೋಗ್ರಫಿಯ ಕೊನೆಯ ಪರೀಕ್ಷೆಗೆಂದು ಕೆಲಸದ ನಡುವೆ ಬಂದು ಕೂತಿದ್ದಳು.

"ಬೆಳಕೇನೋ ಚೆನ್ನಾಗಿದೆ. ಆದ್ರೆ ಪಾಸ್‌ಪೋರ್ಟ್ ಫೋಟೋಗೆ ಕೂತ ಹಾಗೆ ಕೂತಿದ್ದಾರಲ್ಲಮ್ಮ," ಎಂದರು ಮೇಷ್ಟ್ರು ಹಾಲ್ವರ್ಸನ್, ಗಡಿಯಾರ ನೋಡುತ್ತ.

ವರ್ನಾ ಕಣ್ಣಿಗೆ ಕೈ ಅಡ್ಡ ಹಿಡಿದಳು. "ಮರೀ, ಏನಾದ್ರೂ ಹೇಳ್ತಿದ್ದೀಯಾ? ಈ ದೀಪದ ಹಿಂದೆ ನೀನು ನಂಗೆ ಬರೀ ಕತ್ತಲೆ."

ಟೆಸ್ಸಾಳ ಮುಖ ಬಿಸಿಯಾಯಿತು. ವರ್ನಾಳ ಕೆನ್ನೆಯ ಮೇಲಿನ ನೆರಳನ್ನು ಇಷ್ಟು ಹೊತ್ತೂ ತಿದ್ದಿದ್ದಳು. ತಾನು ಆಕೆಗೆ ಕಾಣುತ್ತೇನೆಯೇ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ವರ್ನಾಳ ಹಿಂದಿನ ಪರದೆಗೆ ಬೆಳಕು ಬೀಳಲೆಂದು ಇಟ್ಟಿದ್ದ ಸಣ್ಣ ದೀಪವನ್ನು ಎಳೆದು ತಂದು ತನ್ನ ಮುಖಕ್ಕೇ ತಿರುಗಿಸಿದಳು. ಪರದೆ ಕಪ್ಪಾಯಿತು.

"ಈಗ ಕಾಣ್ತೀನಾ?"

"ಕಾಣ್ತೀಯ. ಬೆಳಗ್ಗೆಯಿಂದ ಏನೂ ತಿಂದಿಲ್ಲ ಅನ್ನೋದೂ ಕಾಣ್ತಿದೆ!"

"ಹೇಳಿದ್ದಕ್ಕೆ ಥ್ಯಾಂಕ್ಸ್, ಮಿಸ್ ವರ್ನಾ. ಇಲ್ದಿದ್ರೆ ನಂಗೆ ಹೊಳೀತಾನೇ ಇರ್ಲಿಲ್ಲ."

ವರ್ನಾ ಆ ತುಟಿಗಳನ್ನು ಕೊನೆಯ ಅಕ್ಷರದವರೆಗೂ ಓದಿದಳು. ಆಮೇಲೆ ಮುಖ ತುಂಬ ನಕ್ಕಳು.