ಆಂಜನಪ್ಪನ ಕೊಸರು

ಒಂದೂರಿನಲ್ಲಿ ಗಾಳಿ ಮಾರುವವನೊಬ್ಬನಿದ್ದ. ಯಾರಿಗೆ ಅಳೆದು ಕೊಟ್ಟರೂ ಕೊನೆಗೊಂದಿಷ್ಟು ಕೊಸರು ಹಾಕದೆ ಅವನ ಕೈ ನಿಲ್ಲುತ್ತಿರಲಿಲ್ಲ. ಊರು ಹಿಂದೂಪುರ. ಗಾಳಿ ಎಂದರೆ ಆಸ್ಪತ್ರೆಗೂ ವೆಲ್ಡಿಂಗ್ ಅಂಗಡಿಗೂ ಹೋಗುವ ಆಕ್ಸಿಜನ್. ಅವನ ಹೆಸರು ಆಂಜನಪ್ಪ. ಅವನಿಗೆ ಒಬ್ಬನೇ ಮಗ, ಕೇಶವ. ಆ ಮಗನನ್ನು ಒಂದು ದಿನ ಪಾತಾಳ ಎಳೆದುಕೊಂಡಿತು.

ಪಾತಾಳವಿದ್ದದ್ದು ಕಲ್ಯಾಣದುರ್ಗ ದಾಟಿ ಕುಂದುರ್ಪಿ ರಸ್ತೆಯಲ್ಲಿ. ಕಲ್ಲು ತೆಗೆದು ಬಿಟ್ಟ ಕ್ವಾರಿ, ನೂರಡಿ ನೀರು. ಪಂಪಿನ ಪೈಪು ಬಿಡಿಸಲು ಹೋದ ಕೇಶವ ಹಿಂದಿನ ದಿನ ಜಾರಿ ಬಿದ್ದಿದ್ದ. ಈಜು ಬಲ್ಲವರೆಲ್ಲ ಅರ್ಧ ಆಳವನ್ನೂ ಮುಟ್ಟಲಾರದೆ ಮೇಲೆ ಬಂದಿದ್ದರು. ಕೇಶವನ ಜೊತೆ ಓದಿದ ಈಶ್ವರ ಬಂದರಿನಲ್ಲಿ ಹಡಗುಗಳ ಅಡಿಗೆ ಮುಳುಗಿ ಕೆಲಸ ಮಾಡುವವನು. ರಜೆಗೆಂದು ಊರಿಗೆ ಬಂದಿದ್ದ. "ಮಾವ, ಅವನ್ನ ತಂದು ನಿನ್ನ ತೊಡೆ ಮೇಲೆ ಮಲಗಿಸ್ತೀನಿ" ಎಂದು ಆಂಜನಪ್ಪನಿಗೆ ಮಾತು ಕೊಟ್ಟಿದ್ದ.

ಈಗ ಕ್ವಾರಿಯ ಅಂಚಿನಲ್ಲಿ ರಬ್ಬರಿನ ಉಡುಪು ತೊಟ್ಟು ನಿಂತ ಈಶ್ವರ ಕೈಯಲ್ಲಿದ್ದ ಸಣ್ಣ ಮೀಟರನ್ನೇ ನೋಡುತ್ತಿದ್ದ. ಸಿಲಿಂಡರಿನೊಳಗೆ ನೂರಕ್ಕೆ ಎಷ್ಟು ಪಾಲು ಆಕ್ಸಿಜನ್ ಇದೆಯೆಂದು ಹೇಳುವ ಮೀಟರು. ಮೂವತ್ತೆರಡು ತೋರಿಸಬೇಕಿತ್ತು. ನಲವತ್ತೈದು ತೋರಿಸುತ್ತಿತ್ತು. ಬಯಲ ಗಾಳಿಗೆ ಹಿಡಿದ. ಇಪ್ಪತ್ತೊಂದು, ಮೀಟರು ಸರಿಯಾಗಿಯೇ ಇತ್ತು. ಮತ್ತೆ ಸಿಲಿಂಡರಿನ ಬಾಯಿಗೆ ಹಿಡಿದ. ನಲವತ್ತೈದು.

ಬೆಳಿಗ್ಗೆ ಅಂಗಡಿಯ ಗೋಡೆಯ ಮೇಲೆ ಅವನೇ ಸೀಮೆಸುಣ್ಣದಲ್ಲಿ ಬರೆದಿದ್ದ: ಮೊದಲು ಆಕ್ಸಿಜನ್, ಒತ್ತಡದ ಮುಳ್ಳು ಮೂವತ್ತಕ್ಕೆ ಬರುವವರೆಗೆ, ಆಮೇಲೆ ಕಂಪ್ರೆಸರಿನ ಗಾಳಿ, ಇನ್ನೂರರವರೆಗೆ. ತನ್ನ ಸಿಲಿಂಡರನ್ನು ಅವನು ಯಾವತ್ತೂ ಬೇರೆಯವರ ಕೈಗೆ ಕೊಟ್ಟವನಲ್ಲ. ಇಂದು ಮಾತ್ರ ತುಂಬುವುದನ್ನು ಆಂಜನಪ್ಪನಿಗೆ ಬಿಟ್ಟು ಜೀಪು ಹುಡುಕಲು ಓಡಿದ್ದ.

"ಮಾವ, ಆಕ್ಸಿಜನ್ ಎಷ್ಟರ ತನಕ ಬಿಟ್ಟೆ?"

"ನೀನು ಮೂವತ್ತು ಬರೆದಿದ್ದೆ. ನಾನು ಅರವತ್ತು ಬಿಟ್ಟೆ ಕಣಪ್ಪ." ಮೊಮ್ಮಕ್ಕಳಿಗೆಂದು ಸೆರಗಲ್ಲಿ ಬಚ್ಚಿಟ್ಟ ಬೆಲ್ಲವನ್ನು ಅಜ್ಜಿಯರು ತೋರಿಸುತ್ತಾರಲ್ಲ, ಹಾಗೆ ಹೇಳಿದ ಆಂಜನಪ್ಪ. "ಊರಿಗೆಲ್ಲಾ ಕೊಸರು ಹಾಕ್ದೋನು, ನನ್ನ ಮಗನ್ನ ತರಾಕೆ ಹೋಗೋನಿಗೆ ಅಳತೆ ನೋಡ್ಲಾ? ಅವನಿಗಂತೂ ಕೆಳಗೆ ಉಸಿರು ಸಾಲ್ದೆ ಹೋಯ್ತು. ನಿನಗೆ ಹಂಗಾಗಬಾರ್ದು."

"ಒಳ್ಳೇದೇ ಆಯ್ತು ಬುಡು," ಎಂದ ಜೀಪಿನ ಉಜ್ಜಿನಪ್ಪ, ಬೀಡಿ ಆರಿಸುತ್ತ. "ಕಮ್ಮಿ ಆದ್ರೆ ತಾನೆ ಭಯ? ಜಾಸ್ತಿ ಉಸಿರಾಡಿ ಸತ್ತೋನ್ನ ನಾನಂತೂ ನೋಡಿಲ್ಲಪ್ಪ."

ಈಶ್ವರ ಸಿಲಿಂಡರಿನ ಕೀಲಿಯನ್ನು ಬಿಗಿಯಾಗಿ ಮುಚ್ಚಿದ. ಎರಡು ನಿಮಿಷದ ಹಿಂದೆ, ಹೊತ್ತು ಇಳಿಯುತ್ತಿದೆಯೆಂದು, ಮಾವನೇ ತುಂಬಿದ್ದಲ್ಲವೇ ಎಂದು, ಮೀಟರನ್ನು ಚೀಲದಿಂದ ತೆಗೆಯದೆಯೇ ಇಳಿದುಬಿಡಲು ಹೊರಟಿದ್ದ.

"ಇಲ್ಲಿ ಇದು ಜೀವ ಉಳಿಸ್ತದೆ ಮಾವ. ನೂರಡಿ ಕೆಳಗೆ, ನೀರಿನ ಭಾರಕ್ಕೆ, ಇದೇ ವಿಷ ಆಗ್ತದೆ. ಮೂರ್ಛೆರೋಗ ಬಂದಂಗೆ ಕೈಕಾಲು ಬಡ್ಕೊಂತವೆ. ಉಸಿರು ಎಳ್ಕೊಳ್ಳೋ ರಬ್ಬರು ಬಾಯಿಂದ ಕಳಚ್ಕೊಂತದೆ. ಅಷ್ಟೇ. ಕೂಗಾಕೂ ಆಗಲ್ಲ."

ಉಜ್ಜಿನಪ್ಪನ ಬಾಯಿ ತೆರೆದೇ ಇತ್ತು. ಆಂಜನಪ್ಪ ತನ್ನ ಬಲಗೈಯನ್ನು ಎತ್ತಿ, ಅದು ಬೇರೆ ಯಾರದೋ ಎಂಬಂತೆ ತಿರುಗಿಸಿ ನೋಡಿದ.

"ಇಪ್ಪತ್ತು ವರ್ಷದಿಂದ ಆಸ್ಪತ್ರೆಗೆ ಇದನ್ನೇ ಕೊಡ್ತಿದೀನಲ್ಲಪ್ಪ," ಎಂದ ಮೆಲ್ಲಗೆ. ಆಮೇಲೆ ಈಶ್ವರನ ಕಡೆ ತಿರುಗಿ, "ನಿಮ್ಮಮ್ಮನಿಗೆ ಏನಂತ ಹೇಳ್ತಿದ್ದೆ ನಾನು?"

ಈಶ್ವರ ಮೀಟರನ್ನು ಬಂಡೆಯ ಮೇಲಿಟ್ಟ.

"ಹಂಗಾರೆ ಇವತ್ತು ಕೇಶವ ಬರಲ್ವಾ?"

"ಬತ್ತಾನೆ. ನೀನೇ ಬಿಚ್ಚು ಮಾವ. ಮುಳ್ಳು ತೊಂಬತ್ತಕ್ಕೆ ಇಳೀಲಿ. ಮಿಕ್ಕಿದ್ದಕ್ಕೆ ಬರೀ ಗಾಳಿ ತುಂಬಾನ, ಜೀಪಲ್ಲಿ ಕಂಪ್ರೆಸರ್ ಐತೆ."

ಆಂಜನಪ್ಪ ಕೀಲಿ ತಿರುಗಿಸಿದ. ಬುಸ್ಸೆಂದು ಹೊರಟ ಗಾಳಿ ಬಂಡೆಯ ಮೇಲಿನ ಧೂಳನ್ನು ಎಬ್ಬಿಸಿತು. ಕೊಟ್ಟ ಕೊಸರನ್ನು ಅವನು ವಾಪಸ್ ತೆಗೆದದ್ದು ಬದುಕಿನಲ್ಲಿ ಅದೇ ಮೊದಲು. ಮುಳ್ಳು ತೊಂಬತ್ತಕ್ಕೆ ಬಂದಾಗ ಕೀಲಿ ಮುಚ್ಚಿ, ಇನ್ನೊಮ್ಮೆ ಬಗ್ಗಿ ನೋಡಿ, "ಸರೀಗೆ ತೊಂಬತ್ತು. ಒಂದು ಗೆರೆ ಹೆಚ್ಚಿಲ್ಲ" ಎಂದ. ಕಂಪ್ರೆಸರು ಕಾಲು ಗಂಟೆ ಕೂಗಿತು. ಈ ಸಲ ಮೀಟರನ್ನು ಹಿಡಿದವನೂ ಅವನೇ. ಮೂವತ್ತೆರಡು.

ಈಶ್ವರ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನೀರಿಗಿಳಿದ. ಗುಳ್ಳೆಗಳು ಮೇಲೆ ಬರುತ್ತಿದ್ದವು. ಕಥೆಗಳಲ್ಲಿ ಪಾತಾಳಕ್ಕೆ ಇಳಿದ ರಾಜಕುಮಾರ ನಾಗಮಣಿ ಹಿಡಿದು ಬರುತ್ತಾನೆ; ದಡದಲ್ಲಿ ಕುಳಿತವರು ಅವನ ಗುಳ್ಳೆಗಳನ್ನು ಎಣಿಸಿದರೆಂದು ಯಾವ ಕಥೆಯೂ ಹೇಳುವುದಿಲ್ಲ. ಆಂಜನಪ್ಪ ಎಣಿಸಿದ. ಗುಳ್ಳೆ ತಡವಾದಾಗಲೆಲ್ಲ ಬಲಗೈಯನ್ನು ಎಡಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡ.

ಅರ್ಧ ಗಂಟೆಯ ಮೇಲೆ ಹಗ್ಗ ಮೂರು ಸಲ ಜಗ್ಗಿತು. ಮೊದಲು ಈಶ್ವರನ ತಲೆ ಕಂಡಿತು, ಆಮೇಲೆ ಅವನ ತೋಳಿನಲ್ಲಿ ಕೇಶವನ ನೀಲಿ ಅಂಗಿ. ಉಜ್ಜಿನಪ್ಪ ಇಳಿದು ಕೈಕೊಟ್ಟ. ಇಬ್ಬರೂ ಸೇರಿ ಎತ್ತಿ ತಂದು, ಹೇಳಿದ್ದ ಹಾಗೆಯೇ, ಆಂಜನಪ್ಪನ ತೊಡೆಯ ಮೇಲೆ ಮಲಗಿಸಿದರು.

ಆಂಜನಪ್ಪ ಮಗನ ಕೂದಲಿಗೆ ಅಂಟಿದ್ದ ಪಾಚಿಯನ್ನು ತೆಗೆದ. ಪಕ್ಕದಲ್ಲಿ ಇಳಿಸಿದ್ದ ಸಿಲಿಂಡರಿನ ಮುಳ್ಳು ಇನ್ನೂ ನಲವತ್ತರಲ್ಲಿತ್ತು. ಅದರ ಕೊಳವೆಯನ್ನು ಎಳೆದುಕೊಂಡು, ಈಶ್ವರ ಕಚ್ಚಿದ್ದ ರಬ್ಬರನ್ನು ಹೆಗಲ ಮೇಲಿನ ಹಳೆಯ ಟವೆಲ್ಲಿನಲ್ಲಿ ಒರೆಸಿ, ಮಗನ ತುಟಿಗಿಟ್ಟು ಗುಂಡಿ ಒತ್ತಿದ. ಗಾಳಿ ಒದ್ದೆ ತುಟಿಗಳ ಸುತ್ತ ಸುಯ್ಯೆಂದಿತು. ತಡೆಯಲು ಹೋದ ಉಜ್ಜಿನಪ್ಪನ ಭುಜವನ್ನು ಈಶ್ವರ ಹಿಡಿದುಕೊಂಡ. ಮುಳ್ಳು ಮೂವತ್ತಕ್ಕೆ ಬಂತು, ಹತ್ತಕ್ಕೆ ಬಂತು, ಸೊನ್ನೆಗೆ ಬಂದು ನಿಂತಿತು.

ಸೊನ್ನೆಯಾದ ಮೇಲೂ ಆಂಜನಪ್ಪನ ಬೆರಳು ಗುಂಡಿಯನ್ನು ಒತ್ತಿಯೇ ಇತ್ತು.