ಕಾಲು ತಿರುಗಿದ ಮೇಲೆ

“ಫಸ್ಟ್ ಬೇಸ್‌ಗೆ ಎಸಿ, ಇಂದು! ಎದುರು ತಂಡದವಳು ಓಡೋಕೆ ನೋಡ್ತಿದಾಳೆ!” ಭಾನುಮತಿ ಕನ್ನಡದಲ್ಲೇ ಕೂಗಿದಳು. ಜಪಾನಿನ ಫುನಾಬೊರಿಯ ಆ ಬೇಸ್‌ಬಾಲ್ ಮೈದಾನದಲ್ಲಿ ಅದು ಮಗಳು ಇಂದುವೊಬ್ಬಳಿಗೇ ಅರ್ಥವಾಗುತ್ತಿತ್ತು. ಎದುರು ತಂಡಕ್ಕೆ ಸುಳಿವೇ ಸಿಗದು ಎಂಬ ಜಂಬ ತಾಯಿಗೆ.

ಚೆಂಡೆಸೆಯುವ ಪಿಚರ್ ಇಂದುವಿನ ಕಾಲು ಬೇಸ್ ಕಡೆ ತಿರುಗಿತು. ಅಲ್ಲಿ ಚೆಂಡು ಹಿಡಿಯಬೇಕಿದ್ದ ಅವಳದೇ ತಂಡದ ಗೆಳತಿ ಹರುಕಾ ಇನ್ನೂ ಬೇರೆಲ್ಲೋ ನೋಡುತ್ತಿದ್ದಳು. ಆದರೆ ಕಾಲು ತಿರುಗಿಸಿದ ಮೇಲೆ ಎಸೆಯಲೇಬೇಕು, ತಡೆದರೆ ನಿಯಮಭಂಗ. ಇಂದು ಎಸೆದಳು. ಚೆಂಡು ಹರುಕಾಳ ಕಣ್ಣಿಗೇ ಬಡಿಯಿತು.

ಆಂಬುಲೆನ್ಸ್ ಹೋದ ಮೇಲೆ ಕೋಚ್ ಇಂದುವನ್ನು ಕರೆದುಕೊಂಡು ಗ್ಯಾಲರಿಗೆ ಬಂದರು.

“ಭಾನುಮತಿ ಸಾನ್, ಆಗ ನೀವು ಏನೆಂದು ಕೂಗಿದಿರಿ?”

“ಹುಷಾರಾಗಿ ಆಡು ಅಂದೆ.”

ಇಂದು ತಾಯಿಯ ಮುಖ ನೋಡಲಿಲ್ಲ. ಟೋಪಿ ತೆಗೆದು, ಕೋಚ್ ಮುಂದೆ ನಡು ಬಗ್ಗಿಸಿ, ಜಪಾನಿಯಲ್ಲಿ ಹೇಳಿದಳು:

“ಹೌದು, ಅಮ್ಮ ಹಾಗೇ ಅಂದರು. ನಾನೇ ಕೇಳಲಿಲ್ಲ.”